ಹೆಮ್ಮಿಂಚುಳ್ಳಿಯ ಊರು, ಅವ್ವನ ಊರು

ನಮ್ಮ ಮನೆಯ ಸೊಸೆಯಂದಿರಿಗೆ ಹೆಸರಿರಲಿಲ್ಲ, ಊರಿತ್ತು. ದೊಡ್ಡಪ್ಪನ ಹೆಂಡತಿ ತೊಣ್ಣೂರಿನಿಂದ ಬಂದವಳು, ಆದ್ದರಿಂದ ತೊಣ್ಣೂರೋಳು. ನನ್ನ ಅವ್ವ ನಾಗಮಂಗಲದಿಂದ ಬಂದವಳು, ಆದ್ದರಿಂದ ನಾಗಮಂಗ್ಲದೋಳು. ಹೀಗೆ ಕರೆಯುತ್ತಿದ್ದವಳು ನನ್ನ ಅಜ್ಜಿ, ಅಪ್ಪನ ತಾಯಿ. ಅವಳನ್ನು ಅವಳ ಅತ್ತೆ ಪಾಂಡವಪುರದೋಳು ಎಂದು ಕರೆದೂ ಕರೆದೂ, ಅಜ್ಜಿಯ ನಿಜವಾದ ಹೆಸರು ಪುಟ್ಟಸಿದ್ದಮ್ಮ ಎಂಬುದು ನಮಗೆ ತಿಳಿದದ್ದು ಅವಳು ತೀರಿಕೊಂಡ ಮೇಲೆ. ಬೆಳಗಾಗುತ್ತಲೇ ಅಜ್ಜಿ ತೊಟ್ಟಿಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಎಲೆಅಡಿಕೆ ಚೀಲ ಬಿಚ್ಚಿ, ಒಂದೊಂದೇ ಊರನ್ನು ಕೂಗುತ್ತಿದ್ದಳು. ತೊಣ್ಣೂರು ಕೊಟ್ಟಿಗೆಗೆ ಹೋಗಬೇಕು, ನಾಗಮಂಗಲ ಒಲೆ ಹಚ್ಚಬೇಕು. ನನ್ನನ್ನು ಶಾಲೆಗೆ ಸೇರಿಸುವ ದಿನ ಮೇಷ್ಟ್ರು ತಾಯಿಯ ಹೆಸರು ಕೇಳಿದಾಗ ನಾನು ಚೂರೂ ಅಳುಕದೆ ನಾಗಮಂಗಲ ಎಂದೆ. ಪಕ್ಕದಲ್ಲಿದ್ದ ಅಪ್ಪ ನಕ್ಕು, ದೇವೀರಮ್ಮ ಎಂದು ತಿದ್ದಿದ. ಆ ಹೆಸರು ಯಾರೋ ಬೇರೆ ಹೆಂಗಸಿನದು ಅನ್ನಿಸಿ, ಮನೆಗೆ ಬಂದು ಅವ್ವನ ಮುಖವನ್ನು ಹೊಸದಾಗಿ ನೋಡಿದೆ. ಅವಳು ಅದೇ ಅವ್ವನೇ ಆಗಿದ್ದಳು, ಹುಣಸೆಹಣ್ಣು ಕಿವುಚುತ್ತಿದ್ದಳು.

ಶ್ರೀರಂಗಪಟ್ಟಣದಿಂದ ಸ್ವಲ್ಪ ದೂರದಲ್ಲಿ, ಕಾವೇರಿಗೆ ಬೆನ್ನು ಹಾಕಿ ನಿಂತ ಮನೆ ಅದು. ಮುಂದೆ ಜಗಲಿ, ಒಳಗೆ ತೊಟ್ಟಿ, ತೊಟ್ಟಿಯ ಸುತ್ತ ಪಡಸಾಲೆ, ಬಲಕ್ಕೆ ಅಡುಗೆಮನೆ, ಎಡಕ್ಕೆ ಭತ್ತದ ಕೋಣೆ. ಅಪ್ಪ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ, ಭಾನುವಾರಕ್ಕೆ ಬರುವವನು. ದೊಡ್ಡಪ್ಪ ಗದ್ದೆ, ಕಬ್ಬು, ದನ ಎಂದು ಹೊತ್ತು ಮುಳುಗಿದ ಮೇಲೆ ಬರುವವನು. ಹಗಲು ಹೊತ್ತು ಮನೆ ಹೆಂಗಸರದು, ಉಳಿದದ್ದು ಚಿಕ್ಕಪ್ಪನದು. ಚಿಕ್ಕಪ್ಪ ನಂಜುಂಡ ಆಗ ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದುಬಿಡುತ್ತಿದ್ದ. ಭತ್ತದ ಕೋಣೆಯ ಒಂದು ಮೂಲೆಯಲ್ಲಿ ಅವನ ಮೇಜು, ಕಾಲೇಜಿನಿಂದ ಕೇಳಿ ತಂದ ದುರ್ಬೀನು, ದಪ್ಪ ದಪ್ಪ ಪುಸ್ತಕಗಳು, ಅವುಗಳ ಮೇಲೆ ಸದಾ ಒಂದು ಪದರ ಭತ್ತದ ಧೂಳು. ಅವನಿಗೆ ಹಿಡಿದಿದ್ದ ಹುಚ್ಚು ಮಿಂಚುಳ್ಳಿಗಳದು. ಹೊಳೆಯ ದಂಡೆಯಲ್ಲಿ ಕೂತು ಮೀನು ಹಿಡಿಯುವ ಆ ಹಕ್ಕಿಯಲ್ಲಿ ಎಷ್ಟು ಜಾತಿ, ಯಾವುದು ಯಾವುದಕ್ಕೆ ನೆಂಟ, ಯಾವುದಕ್ಕೆ ಯಾರು ಯಾಕೆ ಆ ಹೆಸರಿಟ್ಟರು, ಇದೇ ಅವನ ಮಾತು. ಅಜ್ಜಿಗೆ ಇದು ಅರ್ಥವೇ ಆಗುತ್ತಿರಲಿಲ್ಲ.

"ಮೀನ್ ತಿನ್ನೋ ಪಕ್ಷಿ ನೋಡಕ್ಕೆ ಮೈಸೂರ್ಗಂಟ ಓಗ್ಬೇಕೇನ್ಲಾ? ಇತ್ಲಲ್ಲೇ ಕುಂತದಲ್ಲ."

"ನೋಡಕ್ಕಲ್ಲ ಕಣವ್ವ. ಇದು ಯಾವ ಮನೇದು ಅಂತ ತಿಳ್ಕಳಕ್ಕೆ."

"ಅದ್ಕೆ ನೀನ್ಯಾಕ್ ಓದ್ಬೇಕು? ಸಂಬಂಧ ಇಚಾರ್ಸದು ನಮ್ ಕೆಲ್ಸ."

ಹಿತ್ತಿಲ ಬಾಗಿಲಿನಿಂದ ಹೊಳೆಯವರೆಗೆ ಒಂದು ಕಾಲುದಾರಿ, ದಾರಿಯ ಕೊನೆಗೆ ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಮೇಲೆ ಬಾಗಿಕೊಂಡ ಹೊಳೆಮತ್ತಿ ಮರ. ನನ್ನ ಮೊದಲ ಕಾಲೇಜು ಅದೇ. ನಮ್ಮ ಕಣ್ಣಿಗೆ ಬೀಳುತ್ತಿದ್ದ ಮಿಂಚುಳ್ಳಿಗಳನ್ನೆಲ್ಲ ಚಿಕ್ಕಪ್ಪ ನನಗೆ ಒಂದೊಂದಾಗಿ ಪರಿಚಯ ಮಾಡಿಕೊಟ್ಟ. ಗುಬ್ಬಿಗಿಂತ ತುಸು ದೊಡ್ಡದಾದ, ನೀರಿಗೆ ಅಂಟಿಕೊಂಡಂತೆ ಹಾರುವ ಕಿರು ಮಿಂಚುಳ್ಳಿ. ಗಾಳಿಯಲ್ಲೇ ನಿಂತು ರೆಕ್ಕೆ ಬಡಿದು, ಕಲ್ಲು ಎಸೆದಂತೆ ಬೀಳುವ ಕಪ್ಪು ಬಿಳಿ ಮಿಂಚುಳ್ಳಿ. ಗದ್ದೆಯ ತಂತಿಯ ಮೇಲೆ ಕೂರುವ, ಕಂದು ತಲೆಯ ಬಿಳಿ ಎದೆಯ ಗದ್ದೆ ಮಿಂಚುಳ್ಳಿ. ಎಲ್ಲದಕ್ಕಿಂತ ಅಪರೂಪಕ್ಕೆ, ಹೊಳೆಮತ್ತಿಯ ಎಲೆಗಳ ಒಳಗೆ ಅಡಗಿ ಕೂತು ಯಾರನ್ನೋ ಅಣಕಿಸುವ ಹಾಗೆ ಕೆಕೆಕೆ ಎಂದು ನಗುವ ಹೆಮ್ಮಿಂಚುಳ್ಳಿ. ಅದರ ಹೊಟ್ಟೆ ಅರಿಸಿನ ಕದಡಿದ ಮಜ್ಜಿಗೆಯ ಬಣ್ಣ, ರೆಕ್ಕೆ ನೀಲಿ, ಕೊಕ್ಕು ಮಾತ್ರ ಮೈಗೆ ಹೊಂದದಷ್ಟು ದಪ್ಪ, ಕೆಂಪು. ನಮ್ಮ ದೊಡ್ಡಪ್ಪನ ಮೂಗು ಹಾಗಿತ್ತು. ಅದನ್ನು ಹೇಳಿ ನಾನೊಮ್ಮೆ ಒದೆ ತಿಂದಿದ್ದೇನೆ.

ಒಂದು ದಿನ ಬದುವಿನ ಮೇಲೆ ಸತ್ತು ಬಿದ್ದಿದ್ದ ಗದ್ದೆ ಮಿಂಚುಳ್ಳಿಯನ್ನು ಚಿಕ್ಕಪ್ಪ ಮುತ್ತುಗದೆಲೆಯಲ್ಲಿ ಇಟ್ಟುಕೊಂಡು ಬಂದ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅದರ ಕಾಲು ಬಿಡಿಸಿ ತೋರಿಸಿದ. ಮುಂದಿನ ಬೆರಳುಗಳು ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಣ್ಣ ನೋಡಿ ಮೋಸ ಹೋಗಬೇಡ, ಕಾಲು ನೋಡು, ಕೊಕ್ಕು ನೋಡು, ನೆಂಟಸ್ತಿಕೆ ಅಲ್ಲಿರುತ್ತದೆ ಎಂದ. ಈ ಹಕ್ಕಿ ಮೀನಿಗಿಂತ ಹೆಚ್ಚಾಗಿ ಮಿಡತೆ, ಓತಿಕ್ಯಾತ ತಿನ್ನುತ್ತದೆ, ಆದರೂ ಇದು ಅದೇ ಮನೆತನದ್ದು ಎಂದ. ಆ ಹೊತ್ತಿಗೆ ಸಗಣಿ ಬುಟ್ಟಿ ಹೊತ್ತು ಬಂದ ದೊಡ್ಡವ್ವ, ಅಂದರೆ ತೊಣ್ಣೂರೋಳು, ಸತ್ತ ಹಕ್ಕಿಯನ್ನು ಕಂಡು ಬುಟ್ಟಿ ಇಳಿಸಿದಳು.

"ಮೀನೇ ತಿನ್ನಕಿಲ್ಲ ಅಂದ್ಮೇಲೆ ಅದ್ಯಾವ ಸೀಮೆ ಮೀನ್ ಪಕ್ಷಿ? ಎಸೀರಿ ಅತ್ಲಾಗೆ. ಇಬ್ರೂ ಸ್ನಾನ ಮಾಡ್ದೆ ಒಳೀಕ್ ಕಾಲಿಟ್ರೆ ನೋಡಿ."

ಇಬ್ಬರೂ ಸ್ನಾನ ಮಾಡಿದೆವು. ರಾತ್ರಿ ಮುದ್ದೆ ಉಪ್ಸಾರಿನ ಮುಂದೆ ಮತ್ತೆ ಅದೇ ಜಗಳ ಶುರುವಾಯಿತು. ಮೀನು ತಿನ್ನದ ಹಕ್ಕಿಯನ್ನು ಮೀನು ತಿನ್ನುವ ಹಕ್ಕಿಯ ಕುಲಕ್ಕೆ ಸೇರಿಸುವುದು ಅನ್ಯಾಯ ಎಂದು ದೊಡ್ಡವ್ವ, ತಿನ್ನುವುದು ನೋಡಿ ಕುಲ ಹೇಳಕ್ಕಾಗಲ್ಲ ಎಂದು ಚಿಕ್ಕಪ್ಪ. ದೊಡ್ಡಪ್ಪ ಯಾವ ಪಕ್ಷಕ್ಕೂ ಸೇರದೆ ಎರಡನೇ ಮುದ್ದೆ ಕೇಳಿದ. ಅವ್ವ ಮಾತ್ರ ಇಂಥ ಮಾತಿಗೆ ಕಿವಿ ಕೊಡುತ್ತಿದ್ದಳು, ಬಾಯಿ ಕೊಡುತ್ತಿರಲಿಲ್ಲ. ಈಗ ಯೋಚಿಸಿದರೆ, ಆ ಮನೆಯಲ್ಲಿ ಚಿಕ್ಕಪ್ಪನ ಪಾಠವನ್ನು ನನಗಿಂತ ಚೆನ್ನಾಗಿ ಕಲಿತವಳು ಅವಳೇ.

ನಮ್ಮ ಕಡೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಬೇಕು. ಅಣ್ಣನೋ ತಮ್ಮನೋ ಅಪ್ಪನೋ, ಯಾರಾದರೂ ಒಬ್ಬ ಗಂಡಸು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಳೆ, ಅರಿಸಿನ ಕುಂಕುಮ, ಕೈಲಾದರೆ ಒಂದು ಸೀರೆ ಇಟ್ಟುಕೊಂಡು ಹೆಣ್ಣುಮಗಳ ಮನೆಗೆ ಬರುತ್ತಾನೆ. ಎಷ್ಟು ತಂದ ಎಂದು ಯಾರೂ ಎಣಿಸುವುದಿಲ್ಲ, ಆದರೆ ಬಂದನೋ ಇಲ್ಲವೋ ಎಂದು ಬೀದಿಗೆ ಬೀದಿಯೇ ನೋಡುತ್ತದೆ. ದೊಡ್ಡವ್ವನ ತಮ್ಮ ತೊಣ್ಣೂರಿನಿಂದ ಬೆಳಗಿನ ಬಸ್ಸಿಗೇ ಇಳಿದು, ತೊಣ್ಣೂರು ಕೆರೆ ಎಷ್ಟು ತುಂಬಿದೆ ಎಂಬುದನ್ನು ಅಂಗಳದಿಂದಲೇ ಕೂಗಿ ಹೇಳುತ್ತ ಬರುತ್ತಿದ್ದ. ಅವ್ವನಿಗೆ ನಾಗಮಂಗಲದ ತಾತ ಬರುತ್ತಿದ್ದರು. ಬಿಳಿ ಪಂಚೆ, ತಲೆಗೆ ವಸ್ತ್ರ, ಮಾತು ಕಡಿಮೆ. ಅವ್ವ ಅವರನ್ನು ಅಪ್ಪ ಎಂದು ಕರೆಯುತ್ತಿದ್ದಳು. ಕಾಲಿಗೆ ನೀರು ಕೊಡುವಾಗ ಅವಳ ಮುಖ ಬೇರೆಯೇ ಆಗಿರುತ್ತಿತ್ತು. ಅವತ್ತು ಒಂದು ದಿನ ಅವಳು ಅಡುಗೆಮನೆಯಲ್ಲಿ ಏನೋ ಗುನುಗುತ್ತ ಓಡಾಡುತ್ತಿದ್ದಳು, ಅಜ್ಜಿ ಕೂಗಿದರೂ ತಕ್ಷಣ ಓಗೊಡುತ್ತಿರಲಿಲ್ಲ.

ನಾನು ಹೇಳುತ್ತಿರುವ ವರ್ಷ ಬೇಸಿಗೆಯಲ್ಲಿ ನಾಗಮಂಗಲದ ತಾತ ತೀರಿಕೊಂಡರು. ಅವರಿಗೆ ಇಬ್ಬರು ಗಂಡುಮಕ್ಕಳು. ಅವ್ವ ತಿಥಿಗೆ ಹೋಗಿ ಬಂದಳು. ಆಮೇಲೆ ಆ ಮನೆಯ ಜೊತೆ ಹೋಗುವುದು ಬರುವುದು ನಿಂತುಹೋಯಿತು. ಶ್ರಾವಣ ಕಳೆಯುತ್ತ ಬಂದಂತೆ ಅಜ್ಜಿ ಸುಮ್ಮನಿರಲಿಲ್ಲ.

"ನಾಗಮಂಗ್ಲದೋಳೆ, ಈ ಸಲ ನಿಮ್ಮೋರು ಯಾರು ಬತ್ತಾರೆ? ದೊಡ್ಡೋನೋ ಚಿಕ್ಕೋನೋ?"

"ನೋಡ್ಬೇಕು ಅತ್ತೆಮ್ಮ."

"ನೋಡದೇನು? ಒಬ್ಳೇ ಒಡುಟ್ಟಿದೋಳು. ಎಂಥ ಅಣ್ತಮ್ಮಂದ್ರು ಕಣಮ್ಮ ನಿಮ್ಮೋರು, ಒಂದ್ ಮಾತು ಕಳಿಸ್ಲಿಲ್ಲ."

ಅವ್ವ ಒಲೆಯ ಮುಂದೆ ಬಗ್ಗಿ ಉರಿ ಊದತೊಡಗಿದಳು. ಉರಿ ಚೆನ್ನಾಗಿಯೇ ಇತ್ತು. ಅವತ್ತು ಸಂಜೆ ಕೊಟ್ಟಿಗೆಯಲ್ಲಿ ಅವಳು ದೊಡ್ಡವ್ವನ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಹಬ್ಬದ ದಿನ ಹೊರಗಾದೆ ಎಂದು ಹೇಳಿ ಕೊಟ್ಟಿಗೆ ಮಗ್ಗುಲಲ್ಲಿ ಕೂತುಬಿಡುತ್ತೇನೆ, ಆಗ ಗೌರಿ ಮುಂದೆ ಕೂರುವ ಹಾಗೂ ಇಲ್ಲ, ಬಾಗಿನ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವ ಹಾಗೂ ಇಲ್ಲ ಎಂದು. ದೊಡ್ಡವ್ವ ಅವಳ ಬೆನ್ನು ಸವರುತ್ತಿದ್ದಳು. ಮುಟ್ಟಾಗದೆ ಮುಟ್ಟಾದೆ ಎಂದು ಹೇಳುವಷ್ಟು ಅವ್ವನಿಗೆ ಏನು ಕಷ್ಟ ಬಂದಿದೆ ಎಂದು ನನಗೆ ತಿಳಿಯಲಿಲ್ಲ. ಅಪ್ಪನ ಮನೆ ಇಲ್ಲದವಳಾಗಿ ಎಲ್ಲರೆದುರು ಕೂರುವುದು ಅವಳಿಗೆ ಬೇಡವಾಗಿತ್ತು, ಅಷ್ಟು ಮಾತ್ರ ತಿಳಿಯಿತು. ನನಗೆ ಆ ಇಬ್ಬರು ಮಾವಂದಿರ ಮೇಲೆ ಕೆಟ್ಟ ಸಿಟ್ಟು ಬಂತು.

ಹಬ್ಬಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ ಒಂದು ಮಧ್ಯಾಹ್ನ ಜೋರು ಮಳೆ. ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು, ದೊಡ್ಡವ್ವ ಹಬ್ಬಕ್ಕೆ ಕಡ್ಲೆಬೇಳೆ ಆರಿಸುತ್ತಿದ್ದಳು, ಅವ್ವ ಅಕ್ಕಿ ಕೇರುತ್ತಿದ್ದಳು. ಚಿಕ್ಕಪ್ಪ ಒಂದು ಪುಸ್ತಕ ತೆರೆದು ಹೆಮ್ಮಿಂಚುಳ್ಳಿಯ ಚಿತ್ರವನ್ನು ನನಗೆ ತೋರಿಸಿ, ಅದರ ಶಾಸ್ತ್ರೀಯ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದ. ಪೆಲಾರ್ಗಾಪ್ಸಿಸ್ ಕೇಪೆನ್ಸಿಸ್. ಮೊದಲನೆಯದು ಮನೆತನದ ಹೆಸರು, ಕೊಕ್ಕರೆಯ ಹಾಗೆ ಕಾಣುವುದು ಎಂದು ಅದರ ಅರ್ಥ, ಆ ಕೊಕ್ಕಿನಿಂದ ಬಂದದ್ದು. ಎರಡನೆಯದು ಅದರ ಸ್ವಂತ ಹೆಸರು. ಕೇಪೆನ್ಸಿಸ್ ಅಂದರೆ ಭೂಶಿರದ್ದು, ಆಫ್ರಿಕಾದ ತುದಿಯಲ್ಲಿರುವ ಗುಡ್ ಹೋಪ್ ಭೂಶಿರದ್ದು.

"ಅಲ್ಲೂ ಇದಾವಾ ಚಿಕ್ಕಪ್ಪ, ಇವು?"

"ಅದೇ ತಮಾಷೆ. ಅಲ್ಲಿ ಒಂದೂ ಇಲ್ಲ. ಆ ದೇಸದಲ್ಲೇ ಇಲ್ಲ. ಇರದೆಲ್ಲ ನಮ್ ಕಡೆ, ಇಲ್ಲಿಂದ ಆಚೆ ಜಾವಾ, ಬೋರ್ನಿಯೋ ಕಡೆ."

ಅಜ್ಜಿ ಎಲೆ ಮಡಿಸುವುದನ್ನು ನಿಲ್ಲಿಸಿದಳು.

"ಮತ್ತೆ ಆ ಊರಿನ ಎಸ್ರು ಯಾಕಿಟ್ರು?"

"ಆ ಕಾಲದಲ್ಲಿ ಯೂರೋಪಿನ ಪಂಡಿತ್ರು ಮನೇಲೇ ಕುಂತು ಎಸ್ರಿಡೋರು ಕಣವ್ವ. ಸತ್ ಪಕ್ಷಿ ಚರ್ಮ ಸಮುದ್ರದ್ ಮೇಲೆ ಅಡಗಿನಲ್ಲಿ ಓಗದು. ಇಲ್ಲಿಂದ ಒಂಟ ಅಡಗು ನಡುದಾರೀಲಿ ಆ ಭೂಶಿರದಲ್ಲಿ ತಂಗಿರ್ಬೇಕು. ಯಾರೋ ಅಲ್ಲೀದು ಅಂತ ಚೀಟಿ ಕಟ್ಟವ್ರೆ. ಅವ್ರು ಅದ್ನೇ ನಂಬವ್ರೆ."

"ಒಳ್ಳೆ ಪಂಡಿತ್ರು. ನಿಮ್ಮೂರ್ ಯಾವ್ದವ್ವ ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತಾ?"

ಅಜ್ಜಿ ತನ್ನ ಮಾತಿಗೆ ತಾನೇ ನಕ್ಕಳು. ದೊಡ್ಡವ್ವನೂ ನಕ್ಕಳು. ಅವ್ವ ಮೊರ ಆಡಿಸುವುದನ್ನು ಬಿಟ್ಟಿರಲಿಲ್ಲ. ತಲೆ ಎತ್ತದೆ, ಅಕ್ಕಿಗೇ ಹೇಳುವ ಹಾಗೆ ಹೇಳಿದಳು.

"ನನ್ನೂ ಯಾರೂ ಕೇಳ್ನಿಲ್ಲ ಅತ್ತೆಮ್ಮ."

ಮೊದಲಿಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಅಜ್ಜಿ ಏನಮ್ಮ ಅದು ಎಂದು ಕೇಳಿದಳು. ಅವ್ವ ಮೊರ ಕೆಳಗಿಟ್ಟು, ಮೊದಲ ಸಲ ಅಷ್ಟು ಉದ್ದದ ಮಾತನ್ನು ಅತ್ತೆಯ ಮುಂದೆ ಆಡಿದಳು. ತಾನು ಹುಟ್ಟಿದ್ದು ನಾಗಮಂಗಲದಲ್ಲಿ ಅಲ್ಲ, ಕೆ.ಆರ್. ಪೇಟೆ ಆಚೆ ಮಾಕವಳ್ಳಿಯಲ್ಲಿ. ಅಪ್ಪ ಅವ್ವ ಇಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ತನಗೆ ಬುದ್ಧಿ ಬರುವ ವಯಸ್ಸೂ ಅಲ್ಲ. ನಾಗಮಂಗಲದ ಸೋದರಮಾವ ಗಾಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋದರು, ಅಪ್ಪ ಅನ್ನು ಎಂದರು, ತಾನು ಹಾಗೆಯೇ ಕರೆದದ್ದು. ಅವರ ಹೆಂಡತಿಗೂ ಗಂಡುಮಕ್ಕಳಿಗೂ ತಾನು ಒಂದು ಊಟದೆಲೆ ಜಾಸ್ತಿ. ಈಗ ಅವರಿಲ್ಲ, ಹಾಗಾಗಿ ಅಲ್ಲಿಂದ ಯಾರೂ ಬರುವುದಿಲ್ಲ.

"ನೀವು ಎಣ್ಣು ನೋಡಕ್ಕೆ ನಾಗಮಂಗ್ಲಕ್ಕೆ ಬಂದ್ರಿ. ನಮ್ಮನೆ ಮಗ್ಳು ಅಂತ ಅಪ್ಪ ಅಂದ್ರು. ಅಲ್ಲ ಅಂತ ನಾನ್ ಎಂಗ್ ಯೋಳ್ಲಿ? ಸಾಕ್ದೋರ್ಗೆ ನೋವಾಗಕಿಲ್ವಾ?"

ನನಗೆ ಆದದ್ದನ್ನು ಹೇಳಿಬಿಡುತ್ತೇನೆ. ನನ್ನ ತಾತ ನನ್ನ ತಾತನಲ್ಲ ಎಂದು ತಿಳಿದು ಅಳು ಬಂತು. ನಾನು ಕಂಡೇ ಇರದ ಒಬ್ಬ ಅಜ್ಜಿ, ಒಬ್ಬ ತಾತ ಮಾಕವಳ್ಳಿ ಎಂಬ ಊರಿನಲ್ಲಿ ಬದುಕಿ ಸತ್ತಿದ್ದರು. ನಮ್ಮ ಮನೆಯಲ್ಲಿ ಒಬ್ಬರೂ ಅವರ ಹೆಸರೆತ್ತಿರಲಿಲ್ಲ. ಅಷ್ಟು ದಿನ ಅವ್ವ ಅದನ್ನು ಒಬ್ಬಳೇ ಹೊತ್ತುಕೊಂಡು ನಾಗಮಂಗಲ ಎಂದಾಗಲೆಲ್ಲ ಓಗೊಡುತ್ತಿದ್ದಳು. ನಾನು ಎದ್ದು ಹೋಗಿ ಅವಳ ತೊಡೆಗೆ ಒರಗಿದೆ. ಅವಳ ಸೀರೆಯಲ್ಲಿ ಅಕ್ಕಿ ತೌಡಿನ ವಾಸನೆ ಇತ್ತು.

ಅಜ್ಜಿಗೆ ಸಿಟ್ಟು ಬಂತು. ಇದನ್ನು ನಾನು ಮುಚ್ಚಿಡುವುದಿಲ್ಲ, ಅವಳು ಕನಿಕರದಿಂದ ಕರಗಿಹೋಗಲಿಲ್ಲ. ಇಷ್ಟು ವರ್ಷ ನನ್ನ ಮನೆಯಲ್ಲಿ ಉಂಡು, ನನಗೇ ಹೇಳದೆ ಇದ್ದೆಯಲ್ಲ ಎಂದಳು. ಕುಲದ ಬೆಡಗು, ಸಂಬಂಧ ಎಲ್ಲ ವಿಚಾರಿಸಿ ಒಪ್ಪಿಕೊಂಡದ್ದು ಅಜ್ಜಿಯ ಗಂಡ, ಅವರಿಗೆ ಎಲ್ಲ ಗೊತ್ತಿತ್ತು, ಅವರು ಹೇಳದೆಯೇ ಹೋಗಿಬಿಟ್ಟಿದ್ದರು. ಸತ್ತ ಗಂಡನ ಮೇಲಿನ ಸಿಟ್ಟನ್ನು ತೀರಿಸುವುದು ಹೇಗೆ? ಅಜ್ಜಿ ಊಟದ ತಟ್ಟೆಯನ್ನು ಜಗಲಿಗೆ ತರಿಸಿಕೊಂಡು ಒಬ್ಬಳೇ ಉಣ್ಣತೊಡಗಿದಳು. ಅವ್ವ ಬಡಿಸಿದರೆ ಬೇಡ, ದೊಡ್ಡವ್ವ ಬಡಿಸಬೇಕು. ಭಾನುವಾರ ಕೆ.ಆರ್.ಎಸ್.ನಿಂದ ಅಪ್ಪ ಬಂದ. ಅಜ್ಜಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

"ಇವ್ಳ ಊರು ಯಾವ್ದು ಅಂತ ನಿಂಗ್ ಗೊತ್ತಿತ್ತೇನ್ಲಾ?"

"ಮದ್ವೆ ಆದ್ ಇಪ್ಪತ್ ದಿನಕ್ಕೇ ಯೋಳಿದ್ಲು ಕಣವ್ವ. ಯಾಕೆ?"

"ಯಾಕೆ ಅಂತೀಯಲ್ಲ. ಒಟ್ನಲ್ಲಿ ಈ ಮನೇಲಿ ಗೊತ್ತಿಲ್ದೋಳು ನಾನೊಬ್ಳೇ."

ಅಪ್ಪನಿಗೆ ಅದು ಹೇಳಬೇಕಾದ ವಿಷಯ ಅನ್ನಿಸಿಯೇ ಇರಲಿಲ್ಲ. ಅಣೆಕಟ್ಟೆಗೆ ಎಷ್ಟು ಅಡಿ ನೀರು ಬಂತು ಎಂದು ಹೇಳುವವನಿಗೆ, ಹೆಂಡತಿಯ ಮನಸ್ಸಿನಲ್ಲಿ ಎಷ್ಟು ನಿಂತಿದೆ ಎಂದು ನೋಡಿ ಹೇಳುವುದು ಗೊತ್ತಿರಲಿಲ್ಲ. ಹಬ್ಬಕ್ಕೆ ಬರಲಾಗುವುದಿಲ್ಲ, ಗೇಟು ಎತ್ತುತ್ತಾರೆ, ಡ್ಯೂಟಿ ಇದೆ ಎಂದು ಹೇಳಿ ಸೋಮವಾರದ ಬಸ್ಸಿಗೆ ಹೋದ.

ಅವನು ಹೋದ ಮೇಲೆ ಅಜ್ಜಿ ಭತ್ತದ ಕೋಣೆಗೆ ಬಂದಳು. ಅವಳು ಅಲ್ಲಿಗೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಮೂಟೆಯ ಮೇಲೆ ಕೂತು ಚಿಕ್ಕಪ್ಪನನ್ನು ಕೇಳಿದಳು.

"ನಂಜ, ಆ ಪಕ್ಷಿ ಎಸ್ರು ತಪ್ಪು ಅಂತ ಗೊತ್ತಾದ್ಮೇಲೆ ಬದ್ಲಾಯಿಸಿದ್ರಾ?"

"ಇಲ್ಲ ಕಣವ್ವ. ಬದ್ಲಾಯ್ಸಂಗಿಲ್ಲ. ಮೊದ್ಲು ಇಟ್ಟ ಎಸ್ರು ತಪ್ಪಾದ್ರೂ ಅದೇ ನಿಲ್ಬೇಕು, ಅಂಗಂತ ಕಾನೂನು. ಒಬ್ರು ಬದ್ಲಾಯ್ಸಿದ್ರೆ ಎಲ್ರೂ ಬದ್ಲಾಯಿಸ್ತಾರೆ, ಆಮೇಲೆ ಯಾವ್ದು ಯಾವ್ದು ಅಂತ ಯಾರ್ಗೂ ಗೊತ್ತಾಗಲ್ಲ."

"ಮತ್ತೆ ನೀನು ಓದಿ ಏನುಪಯೋಗ?"

"ಎಸ್ರು ಬದ್ಲಾಯ್ಸಂಗಿಲ್ಲ, ಮನೆ ಬದ್ಲಾಯಿಸ್ಬೋದು. ಮೊದ್ಲು ಇದ್ನ ಕಿರು ಮಿಂಚುಳ್ಳಿ ಮನೇಗೇ ಸೇರ್ಸಿದ್ರು. ಆಮೇಲೆ ಗದ್ದೆ ಮಿಂಚುಳ್ಳಿ ಮನೇಗೆ. ಸರ್ಯಾಗಿ ನೋಡ್ದಾಗ ಅಲ್ಲೂ ಅಲ್ಲ ಅಂತ ತಿಳೀತು, ಈಗ ಬೇರೆ ಮನೆ ಕೊಟ್ಟವ್ರೆ. ಯಾರ್ ಜೊತೆ ಇಡ್ಬೇಕು ಅನ್ನೋದ್ನ ಸರಿ ಮಾಡ್ಬೋದು ಕಣವ್ವ."

ಅಜ್ಜಿ ಎಲೆಅಡಿಕೆ ಜಗಿಯುವುದನ್ನೂ ಮರೆತಿದ್ದಳು. ನಾಳೆ ಮಾಕವಳ್ಳಿಗೆ ಹೋಗಿ ಬಾ, ಅವಳ ಕಡೆಯವರು ಯಾರಾದರೂ ಇದ್ದಾರಾ ನೋಡಿಕೊಂಡು ಬಾ, ಅವಳಿಗೆ ಹೇಳಬೇಡ ಎಂದು ಚಿಕ್ಕಪ್ಪನಿಗೆ ಹೇಳಿ ಎದ್ದಳು. ನನ್ನ ಕಡೆ ತಿರುಗಿ, ನೀನೂ ಬಾಯಿ ಬಿಟ್ಟರೆ ನೋಡು ಎಂದಳು. ಸಂಜೆ ಅಡುಗೆಮನೆಯ ಹೊಸಿಲಲ್ಲಿ ನಿಂತು, ಒಳಗೆ ಬಾರದೆ, ಅವ್ವನನ್ನು ಕೇಳಿದಳು. ಆ ಮಾತು ಕೇಳಲು ಅವಳಿಗೆ ಕಷ್ಟವಾಗುತ್ತಿತ್ತು.

"ಇನ್ಮೇಲೆ ನಿನ್ನ ಏನಂತ ಕರೀಲಿ?"

"ಇರೋದೇ ಇರ್ಲಿ ಬುಡಿ ಅತ್ತೆಮ್ಮ. ನಮ್ಮಪ್ಪ ನನ್ನ ಸಾಕಿದ ಊರು ಅದು. ಕರ್ದಾಗೆಲ್ಲ ಅವ್ರು ನೆಪ್ಪಾಯ್ತಾರೆ."

ಅಜ್ಜಿ ಸಾಯುವವರೆಗೂ ಹಾಗೆಯೇ ಕರೆದಳು. ನಾನೂ ಮುಂದೆ ಪ್ರಾಣಿಶಾಸ್ತ್ರವನ್ನೇ ಓದಿದೆ, ಮಕ್ಕಳಿಗೆ ವರ್ಗೀಕರಣದ ಪಾಠ ಮಾಡಿ ಮಾಡಿಯೇ ನಿವೃತ್ತಳಾದೆ. ಈಗಿನ ಹುಡುಗರು ಹೊಳೆದಂಡೆಯಲ್ಲಿ ಮೊಬೈಲ್ ಎತ್ತಿ ಫೋಟೊ ತೆಗೆದರೆ ಹಕ್ಕಿಯ ಹೆಸರು ತಾನಾಗಿಯೇ ಬರುತ್ತದೆ. ಬರುವ ಹೆಸರು ಇವತ್ತಿಗೂ ಕೇಪೆನ್ಸಿಸ್ಸೇ. ಇಷ್ಟು ದಡ್ಡ ಹೆಸರನ್ನು ಯಾಕೆ ಇಟ್ಟುಕೊಂಡಿದ್ದೇವೆ ಮೇಡಂ ಎಂದು ಪ್ರತಿ ವರ್ಷವೂ ಒಬ್ಬರಾದರೂ ಕೇಳುತ್ತಿದ್ದರು. ನಾನು ನಿಯಮವನ್ನು ಹೇಳುತ್ತಿದ್ದೆ. ಹೆಸರೆಂದರೆ ಆ ಜೀವಿಯ ಬಗ್ಗೆ ಕೊಟ್ಟ ತೀರ್ಪಲ್ಲ, ಅದನ್ನು ಕರೆಯುವುದಕ್ಕೆ ಮಾಡಿಕೊಂಡ ಏರ್ಪಾಡು ಎನ್ನುತ್ತಿದ್ದೆ. ಅದು ನಿಜವೇ. ಆದರೆ ಹಾಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಇರುತ್ತಿದ್ದದ್ದು ಅಡುಗೆಮನೆಯ ಹೊಸಿಲು. ಯಾವ ಗುಂಪಿಗೆ ಸೇರಿಸಬೇಕು ಎಂದು ತಿಳಿಯದ ಒಂದು ಮಾದರಿ ಮೇಜಿನ ಮೇಲೆ ಬಂದಾಗ ಬೇರೆಯವರಿಗೆ ಬೇಸರ ಬರುತ್ತಿತ್ತು, ನನಗೆ ಅದರ ಮೇಲೆ ಪ್ರೀತಿ ಬರುತ್ತಿತ್ತು. ಅದನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ.

ಆ ವರ್ಷ ಚಿಕ್ಕಪ್ಪ ಮಾಕವಳ್ಳಿಯಿಂದ ವಾಪಸು ಬಂದದ್ದು ಹಬ್ಬದ ಹಿಂದಿನ ಸಂಜೆ. ಕೆ.ಆರ್. ಪೇಟೆಯಲ್ಲಿ ಬಸ್ಸು ತಪ್ಪಿ, ಕಬ್ಬಿನ ಲಾರಿ ಹತ್ತಿ ಬಂದಿದ್ದ. ಜಗಲಿಯಲ್ಲಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ರಕ್ತಸಂಬಂಧದವರು ಯಾರೂ ಉಳಿದಿಲ್ಲ ಎಂಬುದಷ್ಟೇ ನನಗೆ ಕೇಳಿಸಿತು. ಅಜ್ಜಿ ಹೂಂ ಎಂದು, ದೊಡ್ಡವ್ವನನ್ನು ಕರೆದು ಕೋಣೆಯ ಬಾಗಿಲು ಹಾಕಿಕೊಂಡಳು. ಅವ್ವ ಆ ಹೊತ್ತಿಗೆ ತಲೆನೋವು ಎಂದು ಹೇಳಿ ಮಲಗಿದ್ದಳು.

ಬೆಳಿಗ್ಗೆ ಗೌರಿಯನ್ನು ಕೂರಿಸಿದರು. ದೊಡ್ಡವ್ವನ ತಮ್ಮ ಎಂದಿನಂತೆ ಅಂಗಳದಿಂದಲೇ ತೊಣ್ಣೂರು ಕೆರೆಯ ಸುದ್ದಿ ಹೇಳುತ್ತ ಬಂದ. ಅವನ ಕಾಲಿಗೆ ನೀರು ಕೊಟ್ಟದ್ದಾಯಿತು, ಬಾಗಿನ ಕೊಟ್ಟದ್ದಾಯಿತು. ಅಕ್ಕಪಕ್ಕದ ಮನೆಯ ಹೆಂಗಸರು ಬಂದು ಪಡಸಾಲೆಯಲ್ಲಿ ಕೂತರು. ಅವ್ವ ಹಿತ್ತಿಲ ಬಾಗಿಲ ಕಡೆ ನಡೆಯುತ್ತಿದ್ದಳು, ಹೇಳಬೇಕೆಂದಿದ್ದ ಸುಳ್ಳನ್ನು ಹೇಳುವುದಕ್ಕೆ. ಅಜ್ಜಿ ಕಂಬದ ಹತ್ತಿರದಿಂದ ಕೂಗಿದಳು. ಗಂಡನಿಲ್ಲದವಳು ಎಂದು ಅವಳು ಗೌರಿಯ ಹತ್ತಿರ ಬರುತ್ತಿರಲಿಲ್ಲ, ಅಲ್ಲಿಂದಲೇ ಇಡೀ ಮನೆಯನ್ನು ನಡೆಸುತ್ತಿದ್ದಳು.

"ನಾಗಮಂಗ್ಲದೋಳೆ, ಎಲ್ಲಿಗ್ ಓಯ್ತಿದ್ದೀಯ? ನಿಂತ್ಕ. ನಿಮ್ಮೂರ್ನೋರು ಬತ್ತಾವ್ರೆ, ಕಾಲ್ಗೆ ನೀರ್ ತಕಂಡ್ ಬಾ."

ಚಿಕ್ಕಪ್ಪ ಬೆಳಿಗ್ಗೆಯಿಂದ ಕಾಣಿಸಿರಲಿಲ್ಲ. ಅಜ್ಜಿ ಅವನನ್ನು ಹಿತ್ತಿಲಿನಿಂದ ಹೊರಗೆ ಕಳಿಸಿ, ಬೀದಿಯನ್ನೆಲ್ಲ ಸುತ್ತಿಸಿ, ಮುಂಬಾಗಿಲಿನಿಂದ ಬರಿಸಿದ್ದಳು. ಅವನು ಬಿಳಿ ಪಂಚೆ ಉಟ್ಟಿದ್ದ. ಕೈಯಲ್ಲಿ ಮೊರ, ಮೇಲೆ ಇನ್ನೊಂದು ಮೊರ ಮುಚ್ಚಿತ್ತು. ತಾನು ಹುಟ್ಟಿ ಬೆಳೆದ ಮನೆಯ ಹೊಸಿಲಲ್ಲಿ ಅವನು ಹೊಸಬನ ಹಾಗೆ ಚಪ್ಪಲಿ ಬಿಟ್ಟು ನಿಂತ. ಕೂತಿದ್ದ ಹೆಂಗಸರಲ್ಲಿ ಒಬ್ಬಳು ಮೈದುನ ಎಲ್ಲಾದರೂ ತವರಿನವನಾಗುತ್ತಾನಾ ಎಂದಳು. ಅಜ್ಜಿ ಅವಳ ಕಡೆ ನೋಡಲೂ ಇಲ್ಲ.

"ಈ ಮನೇಲಿ ಯಾರು ಯಾರ್ಗೆ ಏನಾಗ್ಬೇಕು ಅಂತ ನಾನ್ ಯೋಳ್ತೀನಿ. ಇವತ್ತಿಂದ ಇವ್ನು ಅವ್ಳ ತಮ್ಮ."

ಅವ್ವ ತಂಬಿಗೆ ಹಿಡಿದು ನಿಂತಿದ್ದಳು. ಅಷ್ಟು ವರ್ಷ ಅವಳು ಮೈದುನನನ್ನು ಬನ್ನಿ ಹೋಗಿ ಎಂದೇ ಮಾತಾಡಿಸಿದವಳು, ಅವನು ಅವಳನ್ನು ಅತ್ತಿಗೆ ಎಂದವನು. ಇಬ್ಬರಿಗೂ ಈಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನೇ ಮೊದಲು ಕಾಲು ಮುಂದೆ ಚಾಚಿದ. ಅವ್ವ ನೀರು ಹಾಕಿದಳು, ಒಳಗೆ ಕರೆದು ಚಾಪೆ ಹಾಸಿದಳು. ತವರಿನಿಂದ ಬಂದವರನ್ನು ಯಾರಾದರೂ ಕೇಳುವ ಮಾತನ್ನೇ ಅವಳೂ ಕೇಳಿದಳು.

"ಊರಲ್ಲಿ ಎಲ್ರೂ ಚೆನ್ನಾಗವ್ರಾ?"

"ಚೆನ್ನಾಗವ್ರೆ ಅಕ್ಕ. ಮಳೆ ಚೆನ್ನಾಗ್ ಉಯ್ದದೆ. ನಿಮ್ಮ ಅಟ್ಟಿ ಮನೆ ಬಿದ್ದೋಗದೆ, ಜಾಗ ಹಂಗೇ ಅದೆ, ಮುಂದ್ಲ ಬೇವಿನ್ ಮರ ಅದೆ. ಪಕ್ಕದ್ ಮನೆ ಕರಿಯಮ್ಮ ಇನ್ನೂ ಅವ್ಳೆ, ಕಣ್ ಕಾಣಕಿಲ್ಲ. ನಮ್ಮ ನಾಗಮಂಗ್ಲದೋಳು ಅಂದೆ, ಯಾರೂ ಗೊತ್ತಿಲ್ಲ ಅಂದ್ಬುಟ್ರು. ನಿಮ್ಮಪ್ಪ ಅವ್ವನ್ ವಿಚಾರ ಯೋಳಿದ್ಮೇಲೆ ಆ ಅಜ್ಜಿ ನನ್ ಕೈ ಇಡ್ಕಂಡ್ಬುಟ್ಲು. ನಮ್ ದೇವೀರಿ ಬದುಕವ್ಳಾ ಅಂತ ಕೇಳಿದ್ಲು. ಆ ಬೇವಿನ್ ಮರದ್ ಕೆಳಗೆ ಅವ್ಳ ಸೆರಗು ಇಡ್ಕಂಡೇ ಓಡಾಡ್ತಿದ್ದಂತೆ ನೀನು. ಈ ಮೊರದಲ್ಲಿರೋ ಬೆಲ್ಲ ಅವ್ಳು ಕೊಟ್ಟಿದ್ದು."

ಅವ್ವ ಚಾಪೆಯ ಅಂಚಿನಲ್ಲಿ ಕೂತುಬಿಟ್ಟಳು. ಎಲ್ಲರೆದುರಿಗೇ ಅತ್ತಳು, ತಡೆದುಕೊಳ್ಳಲು ನೋಡಲಿಲ್ಲ. ದೇವೀರಿ, ದೇವೀರಿ ಎಂದು ತನ್ನ ಹೆಸರನ್ನು ತಾನೇ ಮೆಲ್ಲಗೆ ಹೇಳಿಕೊಂಡಳು. ದೊಡ್ಡವ್ವ ಮೂಗೊರೆಸಿಕೊಂಡಳು. ಕಂಬದ ಹತ್ತಿರ ಅಜ್ಜಿ ಎಲೆಅಡಿಕೆ ಚೀಲದಲ್ಲಿ ಇಲ್ಲದ ಏನನ್ನೋ ಹುಡುಕುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಚಿಕ್ಕಪ್ಪನ ಕೈಯಿಂದ ಮೊರ ತೆಗೆದುಕೊಂಡಳು.

"ಇವತ್ತೇ ಒಂಟೋಗ್ಬ್ಯಾಡ ಕಣಪ್ಪ. ಎರ್ಡು ದಿನ ಇದ್ದು ಓಗು."

ಭತ್ತದ ಕೋಣೆಯಲ್ಲಿ ಅವನ ಮೇಜಿತ್ತು, ಪುಸ್ತಕಗಳಿದ್ದವು, ಗೋಡೆಗೆ ಅವನ ಅಂಗಿ ತೂಗುಹಾಕಿತ್ತು.

"ಇರ್ತೀನಿ ಕಣಕ್ಕ" ಎಂದ.